ಕೀಲುಗೊಂಬೆಗೆ ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ, ಗುಂಡು ಕೀಲುಗಳಿಂದ ಕೈಕಾಲು ಆಡಿಸಬಹುದಾದ ಬಾಲ್ ಜಾಯಿಂಟೆಡ್ ಗೊಂಬೆಗಳ ಲೇಖನ ಓದಿದೆವು. ಸಂಗ್ರಾಹಕರು ಬಿಜೆಡಿ ಎಂದು ಕರೆಯುವ ಈ ಗೊಂಬೆಗಳ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ; ಓದಿ ಖುಷಿಯಾಯಿತು. ಆದರೆ ‘ಮುಖದ ಹಳೆಯ ಬಣ್ಣ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಸಾಕು’ ಎಂಬ ಅದರ ಕೊನೆಯ ಸಲಹೆ ಅಪಾಯಕಾರಿ. 1999ರಲ್ಲಿ ಜಪಾನಿನ ವೋಕ್ಸ್ ಕಂಪನಿ ‘ಸೂಪರ್ ಡಾಲ್ಫಿ’ ತಂದಾಗಿನಿಂದ ಈ ಬಗೆಯ ಗೊಂಬೆಗಳನ್ನು ಹೆಚ್ಚಾಗಿ ಪಾಲಿಯುರೆಥೇನ್ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲೇ ಎರಕ ಹೊಯ್ಯುತ್ತಾರೆ. ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಆ ರೆಸಿನ್‌ನ ಮೇಲ್ಮೈಯನ್ನು ಮೆತ್ತಗೆ ಮಾಡಿ ಮಂಕಾಗಿಸುತ್ತದೆ. ಅಕ್ರಿಲಿಕ್ ಕಣ್ಣುಗಳಿಗೆ ತಗುಲಿದರಂತೂ ಅವು ಕರಗಿ ಹಾಳಾಗುತ್ತವೆ.

ಬೇಕಾಗಿರುವುದು ಐಸೊಪ್ರೊಪೈಲ್ ಆಲ್ಕೋಹಾಲ್, ಶೇ 90ಕ್ಕಿಂತ ಹೆಚ್ಚಿನದು. ಮೊಬೈಲ್ ರಿಪೇರಿಯವರು ಸರ್ಕಿಟ್ ಬೋರ್ಡ್ ತೊಳೆಯುವುದು ಇದರಲ್ಲೇ. ಹಾಗಾಗಿ ಬೆಂಗಳೂರಿನವರು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಬಹುದು. ಮೊದಲು ವಿಗ್ ತೆಗೆದು, ತಲೆ ಬಿಚ್ಚಿ, ಕಣ್ಣು, ರೆಪ್ಪೆ, ಕಣ್ಣನ್ನು ಹಿಡಿದಿಡುವ ಅಂಟುಹಿಟ್ಟು ಎಲ್ಲವನ್ನೂ ಹೊರತೆಗೆಯಿರಿ. ಹತ್ತಿಯನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ, ಮುಖದ ಮೇಲೆ ಅರ್ಧ ನಿಮಿಷ ಒತ್ತಿಟ್ಟು, ಆಮೇಲೆ ಒರೆಸಿ. ಮೂಗಿನ ಪಕ್ಕ, ತುಟಿಯ ಗೆರೆಯಲ್ಲಿ ಉಳಿದ ಬಣ್ಣಕ್ಕೆ ಮೃದುವಾದ ಟೂತ್‌ಬ್ರಶ್ ಬಳಸಿ. ಅಷ್ಟಾದರೂ ಹೋಗದ ಕಲೆಗೆ ಬಿಳಿ ಮೆಲಮೈನ್ ಸ್ಪಂಜನ್ನು ನೀರಿನಲ್ಲಿ ಅದ್ದಿ ಉಜ್ಜಬಹುದು. ಅದು ಬಲು ನಯವಾದ ಉಜ್ಜುಕಾಗದದಂತೆ ಕೆಲಸ ಮಾಡುವುದರಿಂದ ಒಂದೇ ಕಡೆ ಉಜ್ಜಿದರೆ ಅಷ್ಟು ಜಾಗ ಹೊಳೆಯತೊಡಗುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಒಂದು ದಿನ ಒಣಗಿಸಿ. ಬಣ್ಣವಿಲ್ಲದೆ ಬಂದ ಹೊಸ ತಲೆಗೂ ಈ ಸ್ನಾನ ಆಗಲೇಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಉಳಿದಿದ್ದರೆ ಮುಂದೆ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ.

ಲೇಖನದಲ್ಲಿ ಬಣ್ಣ, ಬ್ರಶ್‌ಗಳ ಪಟ್ಟಿ ಉದ್ದವಾಗಿತ್ತು. ಎರಡು ವಸ್ತುಗಳು ಬಿಟ್ಟುಹೋಗಿವೆ. ಒಂದು ರೆಸ್ಪಿರೇಟರ್, ಇನ್ನೊಂದು ಗಾಳಿಯ ತೇವಾಂಶ ತೋರಿಸುವ ಪುಟ್ಟ ಮೀಟರ್. ನಮ್ಮನ್ನು ಕೇಳಿದರೆ ಬಣ್ಣಕ್ಕಿಂತ ಮೊದಲು ಇವನ್ನೇ ಕೊಳ್ಳಬೇಕು. ಫೇಸ್‌ಅಪ್ (ಗೊಂಬೆಯ ಮುಖಕ್ಕೆ ಬಣ್ಣ ಬರೆಯುವುದು) ಮಾಡುವವರಲ್ಲಿ ಬಹಳ ಮಂದಿ ನೆಚ್ಚುವ ‘ಮಿಸ್ಟರ್ ಸೂಪರ್ ಕ್ಲಿಯರ್’ ಎಂಬ, ಬಣ್ಣ ಹಿಡಿದಿಡುವ ಹೊಳಪಿಲ್ಲದ (ಮ್ಯಾಟ್) ಸ್ಪ್ರೇ ದ್ರಾವಕದಿಂದ ಮಾಡಿದ್ದು. ಅದರ ಆವಿಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ, ಎನ್95 ಕೂಡ ತಡೆಯುವುದಿಲ್ಲ. ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ರೆಸ್ಪಿರೇಟರ್ ಬೇಕು. ಕೆಲಸ ಮುಗಿದ ಮೇಲೆ ಕಾರ್ಟ್ರಿಜ್ಜನ್ನು ಗಾಳಿಯಾಡದ ಚೀಲದಲ್ಲಿಡಿ. ಹೊರಗಿಟ್ಟರೆ ಅದು ಕೋಣೆಯ ಗಾಳಿಯಲ್ಲಿರುವ ಆವಿಯನ್ನೇ ಹೀರುತ್ತಾ ಬೇಗ ಮುಗಿಯುತ್ತದೆ.

ತೇವಾಂಶ ಶೇ 60 ದಾಟಿದ್ದರೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಮುಖಕ್ಕೆ ಬಿಳಿ ಮಂಜು ಕವಿದಂತಾಗುತ್ತದೆ. ಗಾಢ ಮೈಬಣ್ಣದ ಗೊಂಬೆಯಲ್ಲಿ ಇದು ಎದ್ದು ಕಾಣುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸವನ್ನೇ ಮರೆತುಬಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳು ಹೇಳಿ ಮಾಡಿಸಿದ ಹೊತ್ತು. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, 25–30 ಸೆಂ.ಮೀ. ದೂರದಿಂದ, ಮುಖದ ಆಚೆಯಿಂದ ಶುರುಮಾಡಿ ಆಚೆಗೇ ದಾಟಿಸಿ ಹೊಡೆಯಬೇಕು. ಗುಂಡಿ ಒತ್ತಿದ ಕ್ಷಣ ಹಾರುವ ದಪ್ಪ ಹನಿ ಮೂಗಿನ ಮೇಲೆ ಬೀಳಬಾರದಲ್ಲ! ಬುಡಕ್ಕೆ ಎರಡು ಮೂರು ತೆಳು ಪದರ, ನಡುವೆ ಅರ್ಧ ಗಂಟೆ ಬಿಡುವು. ಇಂಥ ಸ್ಪ್ರೇ ಡಬ್ಬಿಗಳನ್ನು ಅಂಚೆಯವರು ಒಯ್ಯುವುದಿಲ್ಲವಾದ್ದರಿಂದ ವಿದೇಶದಿಂದ ತರಿಸುವುದು ತಲೆನೋವು. ಏರ್‌ಬ್ರಶ್ ಇದ್ದವರು ನೀರು ಆಧಾರಿತ ಮ್ಯಾಟ್ ವಾರ್ನಿಶ್ ಬಳಸಬಹುದು. ಅದರ ಮೇಲೆ ಪುಡಿಬಣ್ಣ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಪದರ ಹೆಚ್ಚು ಬೇಕಾಗುತ್ತದೆ.

ಬಣ್ಣಕ್ಕೆ ಸಾಫ್ಟ್ ಪೇಸ್ಟಲ್ ತನ್ನಿ. ಮಕ್ಕಳ ಆಯಿಲ್ ಪೇಸ್ಟಲ್ ಒಣಗುವುದೇ ಇಲ್ಲ. ಬ್ಲೇಡಿನಿಂದ ಹೆರೆದು ಪುಡಿ ಮಾಡಿ, ಮೃದು ಬ್ರಶ್‌ನಲ್ಲಿ ಕೆನ್ನೆ, ಕಣ್ಣಂಚು, ತುಟಿಗೆ ತೆಳ್ಳಗೆ ಹಚ್ಚಿ, ಸ್ಪ್ರೇ ಹೊಡೆದು, ಮತ್ತೆ ಹಚ್ಚಿ. ಬೇಕಾದಷ್ಟು ಬಣ್ಣವನ್ನು ಒಂದೇ ಸಲಕ್ಕೆ ಬಳಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಹುಬ್ಬಿನ ಎಳೆಗಳಿಗೆ ಮೊನಚಾಗಿ ಜೀವಿದ ವಾಟರ್‌ಕಲರ್ ಪೆನ್ಸಿಲ್, ಇಲ್ಲವೇ ತೆಳುವಾಗಿ ಕಲಸಿದ ಅಕ್ರಿಲಿಕ್ ಬಣ್ಣ ಆದೀತು. ತುಟಿಗೆ ಹೊಳಪು ಕೊಡುವ ವಾರ್ನಿಶ್ ಎಲ್ಲಕ್ಕಿಂತ ಕೊನೆಗೆ. ಅದರ ಮೇಲೆ ಮ್ಯಾಟ್ ಹೊಡೆದರೆ ಹೊಳಪೇ ಹೋಯಿತು.

ಲೇಖನ ಮುಟ್ಟದೇ ಬಿಟ್ಟ ಇನ್ನೊಂದು ಸಂಗತಿ ಒಳಗಿನ ಎಲಾಸ್ಟಿಕ್. ಗೊಂಬೆ ನಿಲ್ಲುವುದೂ ಕೂರುವುದೂ ಅದರ ಬಿಗಿಯಿಂದಲೇ. ಕೆಲವು ವರ್ಷಗಳಲ್ಲಿ ಅದು ಸಡಿಲವಾಗಿ, ಮೊಣಕಾಲು ಕುಸಿಯುತ್ತದೆ, ತಲೆ ವಾಲುತ್ತದೆ. ನೂಲು ಹೊದಿಸಿದ ಗುಂಡು ಎಲಾಸ್ಟಿಕ್ಕೇ ಬೇಕು. ಲಂಗಕ್ಕೆ ಹಾಕುವ ಪಟ್ಟಿ ಎಲಾಸ್ಟಿಕ್ ಕೀಲಿನಲ್ಲಿ ಮಡಚಿ ಸಿಕ್ಕಿಹಾಕಿಕೊಳ್ಳುತ್ತದೆ. 60 ಸೆಂ.ಮೀ. ಗೊಂಬೆಗೆ ಕಾಲಿಗೆ ಸುಮಾರು 4 ಮಿ.ಮೀ., ಕೈಗೆ 3 ಮಿ.ಮೀ. ದಪ್ಪದ್ದು, 40–45 ಸೆಂ.ಮೀ.ಯದಕ್ಕೆ 3 ಮತ್ತು 2. ಅಳತೆಗೆ ಹಳೆಯದನ್ನೇ ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಅದು ಹಿಗ್ಗಿರುತ್ತದೆ ಎಂಬುದು ನೆನಪಿರಲಿ. ಹೊಸದನ್ನು ಅಷ್ಟೇ ಉದ್ದಕ್ಕೆ ಗಂಟು ಹಾಕಿ, ಕಟ್ಟಿ ನೋಡಿ, ಸಡಿಲವೆನಿಸಿದರೆ ಅರ್ಧರ್ಧ ಸೆಂ.ಮೀ. ಕಡಿಮೆ ಮಾಡುತ್ತಾ ಬನ್ನಿ. ಅತಿ ಬಿಗಿಯಾದರೂ ಕಷ್ಟವೇ. ಕೂರಿಸಿದ ಗೊಂಬೆ ಕಾಲು ಝಾಡಿಸುತ್ತದೆ, ಕೀಲಿನ ಅಂಚು ಚಕ್ಕೆ ಏಳುತ್ತದೆ. ಗಂಟಿಗೆ ಫೆವಿಕ್ವಿಕ್ ಹಾಕಬೇಡಿ, ಎಲಾಸ್ಟಿಕ್ ಅಲ್ಲೇ ಗಡುಸಾಗಿ ತುಂಡಾಗುತ್ತದೆ. ಬದಲಿಗೆ ಒಂದು ಸೆಂ.ಮೀ. ಬಾಲ ಬಿಡಿ.

ಸಲಕರಣೆಗೆ ದುಡ್ಡು ಸುರಿಯಬೇಕಿಲ್ಲ. ತುದಿ ಬಗ್ಗಿಸಿದ ಸೈಕಲ್ ಕಡ್ಡಿಗೆ ಸೆಲ್ಲೋಟೇಪ್ ಸುತ್ತಿದರೆ ಎಲಾಸ್ಟಿಕ್ ಎಳೆಯುವ ಕೊಕ್ಕೆ ಸಿದ್ಧ. ಟೇಪ್ ಇಲ್ಲದಿದ್ದರೆ ಲೋಹ ರೆಸಿನ್‌ನ ಒಳಗೋಡೆಯನ್ನು ಗೀರುತ್ತದೆ. ಸರ್ಜಿಕಲ್ ಅಂಗಡಿಯ ಆರ್ಟರಿ ಫೋರ್ಸೆಪ್ಸ್ ಎಂಬ ಇಕ್ಕಳ ಒಂದಿರಲಿ. ಹಲ್ಲು ಕಚ್ಚಿಸಿ ಲಾಕ್ ಮಾಡಿದರೆ ಎಳೆದ ಎಲಾಸ್ಟಿಕ್ ಒಳಗೆ ಓಡುವುದಿಲ್ಲ. ಪಾದದ ಎಸ್ ಆಕಾರದ ಕೊಂಡಿ ಸಿಕ್ಕಿಸುವವರೆಗೆ ಎಲಾಸ್ಟಿಕ್‌ನ ಕುಣಿಕೆಯಲ್ಲಿ ಪೆನ್ಸಿಲ್ ತೂರಿಸಿಡಿ. ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ, ಏಕೆಂದರೆ ಕೈಜಾರಿದ ಕೊಂಡಿ ನೇರ ಮುಖಕ್ಕೇ ಹಾರುತ್ತದೆ. ಕೀಲು ಜಾರುತ್ತಿದ್ದರೆ ಬಟ್ಟಲಿನ ಒಳಬದಿಗೆ ತೆಳು ಸ್ವೇಡ್ ಚರ್ಮದ ಬಿಲ್ಲೆ ಅಂಟಿಸಿ, ಎಲಾಸ್ಟಿಕ್ ಹೋಗಲು ನಡುವೆ ತೂತು ಬಿಡಿ.

ಇನ್ನು ಹಳದಿಯಾಗುವ ವಿಚಾರ. ರೆಸಿನ್ ನೇರಳಾತೀತ ಕಿರಣಕ್ಕೆ ಹಳದಿಯಾಗುತ್ತದೆ. ಯುವಿ ತಡೆಯುವ ಸ್ಪ್ರೇ ಅದನ್ನು ನಿಧಾನಗೊಳಿಸೀತು, ನಿಲ್ಲಿಸದು. ಕಿಟಕಿಯ ಪಕ್ಕ ಇಡದಿರುವುದೇ ಮದ್ದು. ಮೇಲ್ಪದರದ ಹಳದಿಯನ್ನು 400, 600, 1000 ನಂಬರಿನ ವಾಟರ್ ಪೇಪರ್‌ನಿಂದ (ನೀರಿನಲ್ಲಿ ಬಳಸುವ ಉಜ್ಜುಕಾಗದ) ಕ್ರಮವಾಗಿ, ನೀರಿನಲ್ಲಿ ಮುಳುಗಿಸಿಯೇ ಉಜ್ಜಿ ತೆಗೆಯಬಹುದು. ಒಣಗಿದ್ದನ್ನು ಉಜ್ಜಿದರೆ ಧೂಳು ಶ್ವಾಸಕೋಶ ಸೇರುತ್ತದೆ. ಇಲ್ಲಿ ಎನ್95 ಸಾಕು, ಆದರೆ ಬೇಕೇ ಬೇಕು. ಕಪ್ಪು, ಕೆಂಪು, ಕಡುನೀಲಿ ಬಟ್ಟೆಯ ಬಣ್ಣವೂ ಮೈಗೆ ಇಳಿಯುತ್ತದೆ. ಒಳಗೆ ತೆಳು ಬಿಳಿ ಬಟ್ಟೆ ತೊಡಿಸಿ. ಹಾಗೆಯೇ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಸಾಲಿನಲ್ಲಿ ಇವನ್ನೂ ಕೂರಿಸುವವರು ದಯವಿಟ್ಟು ಅರಿಶಿನ ಕುಂಕುಮ ಹಚ್ಚಬೇಡಿ. ಬಟ್ಟೆಯ ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಈ ಗೊಂಬೆಗೆ ಬಿಸಿಲೇ ಶತ್ರು!

ರಿಮೂವರ್ ಕುರಿತ ಸಾಲಿಗೆ ಮುಂದಿನ ಭಾನುವಾರವೇ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇವೆ. ಈಗಾಗಲೇ ಹಚ್ಚಿಬಿಟ್ಟವರು ಅಂಟಂಟಾದ ಜಾಗವನ್ನು ಬೆರಳಿನಿಂದಲೂ ಮುಟ್ಟದೆ ಒಂದೆರಡು ದಿನ ಹಾಗೇ ಬಿಡಲಿ. ಪೂರ್ತಿ ಗಟ್ಟಿಯಾದ ಮೇಲೆ 600, ಆಮೇಲೆ 1000 ನಂಬರಿನ ವಾಟರ್ ಪೇಪರ್‌ನಿಂದ ನೀರಿನಲ್ಲಿ ಉಜ್ಜಿದರೆ ಮೇಲಿನ ಮಂಕು ಬಹುಮಟ್ಟಿಗೆ ಹೋದೀತು. ರೆಪ್ಪೆಯ ಅಂಚು, ತುಟಿಯ ಗೆರೆಗಳ ಮೇಲೆ ಮಾತ್ರ ಕೈ ಹಗುರವಿರಲಿ.

– ಇಬ್ಬರು ಗೊಂಬೆ ಸಂಗ್ರಾಹಕರು, ಬೆಂಗಳೂರು