ನಾನೂರು ಏಟು ಹೊಡೆದವರು ಯಾರು?

ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಯ ಕರಡು ತಿದ್ದುತ್ತ ಕುಳಿತಿದ್ದಾಗ ಮಗಳು, “ಅಪ್ಪಾ, ಆ ಹುಡುಗನಿಗೆ ನಾನೂರು ಏಟು ಹೊಡೆದವರು ಯಾರು?” ಎಂದು ಕೇಳಿದಳು. ಈ ತಿಂಗಳ ಪ್ರದರ್ಶನಕ್ಕೆ ನಾವು ಆರಿಸಿರುವ, ಫ್ರಾನ್ಸ್‌ನ ಫ್ರಾನ್ಸ್ವಾ ತ್ರುಫೋ 1959ರಲ್ಲಿ ತೆಗೆದ ಮೊದಲ ಕಥಾಚಿತ್ರ ‘ದಿ 400 ಬ್ಲೋಸ್’ನ ಭಿತ್ತಿಪತ್ರ ಅವಳ ಕೈಯಲ್ಲಿತ್ತು. ಮೂಲ ಹೆಸರಿನ ಫ್ರೆಂಚ್ ನುಡಿಗಟ್ಟಿನಲ್ಲಿ ಏಟೆಂಬ ಪದವಿದ್ದರೂ ಹೊಡೆತದ ಅರ್ಥವಿಲ್ಲ, ಮಾಡಬಾರದ ಕಿತಾಪತಿಯನ್ನೆಲ್ಲ ಮಾಡುವುದು ಎಂದಷ್ಟೇ ಅದರ ಅರ್ಥ. ಪದಕ್ಕೆ ಪದವಿಟ್ಟ ಇಂಗ್ಲಿಷ್ ಅನುವಾದಕರು ಹುಡುಗನಿಗೆ ವಿನಾಕಾರಣ ಏಟು ಕೊಡಿಸಿದ್ದಾರೆ.

ಈ ಚಿತ್ರವನ್ನು ನಾನು ನೋಡಿದ್ದು ವಿದ್ಯಾರ್ಥಿಯಾಗಿದ್ದಾಗ, ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರ ಪುಟ್ಟ ಸಭಾಂಗಣದಲ್ಲಿ. ಮನೆ ಬಿಟ್ಟ ಕಥಾನಾಯಕ, ಹುಡುಗ ಆಂತ್ವಾನ್ ನಸುಕಿನ ಪ್ಯಾರಿಸ್ಸಿನಲ್ಲಿ ಹಾಲಿನ ಬಾಟಲಿ ಕದ್ದು, ಕಳ್ಳಬೆಕ್ಕಿನಂತೆ ಅತ್ತಿತ್ತ ನೋಡುತ್ತ ಗಟಗಟನೆ ಕುಡಿಯುವಾಗ ನಕ್ಕವರೆಲ್ಲ, ಅವನು ಸುಧಾರಣಾ ಕೇಂದ್ರದಿಂದ ತಪ್ಪಿಸಿಕೊಂಡು ಓಡತೊಡಗಿದಾಗ ಉಸಿರು ಬಿಗಿಹಿಡಿದಿದ್ದೆವು. ಓಡಿ ಓಡಿ ಸಮುದ್ರ ಮುಟ್ಟಿದ ಹುಡುಗ ಹಿಂತಿರುಗಿ ನಮ್ಮತ್ತ ನೋಡಿದ. ಚಿತ್ರ ಅಲ್ಲಿಯೇ ನಿಂತುಬಿಟ್ಟಿತು. ಹಿಂದಿನ ಸಾಲಿನಿಂದ ಯಾರೋ, “ರೀಲು ಸಿಕ್ಕಿಹಾಕಿಕೊಂಡಿದೆ, ನೋಡ್ರೀ!” ಎಂದು ಕೂಗಿದರು. ಆಪರೇಟರ್ ಗಾಬರಿಯಿಂದ ಎದ್ದು ಪ್ರೊಜೆಕ್ಟರಿಗೆ ಕಿವಿಗೊಟ್ಟು, ಪರದೆಯನ್ನೊಮ್ಮೆ ನೋಡಿ, “ಮುಗೀತು ಸಾರ್” ಎಂದರು. ಯಾರೂ ಏಳಲಿಲ್ಲ.

ತ್ರುಫೋ ಮೂಲತಃ ವಿಮರ್ಶಕ, ಅದೂ ಯಾರ ಮುಖವನ್ನೂ ನೋಡದೆ ಬರೆಯುತ್ತಿದ್ದವನು. ಆ ಕಟುವಾದ ಬರಹಗಳಿಂದಾಗಿಯೇ 1958ರಲ್ಲಿ ಕಾನ್ ಚಿತ್ರೋತ್ಸವ ಅವನನ್ನು ಹೊರಗಿಟ್ಟಿತ್ತು. ಮರುವರ್ಷ ಅದೇ ಉತ್ಸವ, ಇಪ್ಪತ್ತೇಳರ ಅವನಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಕೊಟ್ಟಿತು. ನ್ಯೂಯಾರ್ಕಿನ ವಿಮರ್ಶಕರು ಅದನ್ನು ವರ್ಷದ ಶ್ರೇಷ್ಠ ವಿದೇಶಿ ಚಿತ್ರವೆಂದರು, ಚಿತ್ರಕಥೆ ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ಆದರೆ ಕಥೆಯಲ್ಲಿ ತಮ್ಮ ಮನೆಯನ್ನೇ ಕಂಡ ತ್ರುಫೋನ ಹೆತ್ತವರು ನೊಂದುಕೊಂಡರು. ದಿಕ್ಕಿಲ್ಲದ ಹುಡುಗನಾಗಿದ್ದ ತ್ರುಫೋನನ್ನು ಮನೆಮಗನಂತೆ ಕಂಡ ವಿಮರ್ಶಕ ಆಂದ್ರೆ ಬಾಜಾಂ, ಚಿತ್ರೀಕರಣ ಆರಂಭವಾದ ಮರುದಿನ, 1958ರ ನವೆಂಬರ್ 11ರಂದು ತೀರಿಕೊಂಡರು. ಚಿತ್ರ ಅವರಿಗೆ ಅರ್ಪಿತವಾಗಿದೆ. ವಿಮರ್ಶಕರ ಹೊಗಳಿಕೆಗಿಂತ ನನಗೆ ಆ ಅರ್ಪಣೆಯ ಸಾಲೇ ದೊಡ್ಡದಾಗಿ ಕಾಣುತ್ತದೆ.

ಪ್ರದರ್ಶನ ಇದೇ ನವೆಂಬರಿನ ಕೊನೆಯ ಶನಿವಾರ ಸಂಜೆ. ಬೆಳಿಗ್ಗೆ ಎಂದಿನಂತೆ ಕನ್ನಡ ತರಗತಿ. ಸದಸ್ಯತ್ವದ ಬಾಕಿ ಅಂದೇ ಕೊಡಬಹುದು. ಬಿಸಿಬೇಳೆಭಾತಿಗೆ ತಟ್ಟೆ ನೀವೇ ತನ್ನಿ. ಈ ಪುಟಗಳನ್ನು ಮೂರು ವರ್ಷಗಳಿಂದ ಒಬ್ಬನೇ ತಿದ್ದುತ್ತಿದ್ದೇನೆ, ಯಾರಾದರೂ ಕೈಜೋಡಿಸಿದರೆ ಉಪಕಾರವಾದೀತು. ಪ್ರೊಜೆಕ್ಟರ್ ನೋಡಿಕೊಳ್ಳಲೂ ಒಬ್ಬರು ಬೇಕು: ಕೊನೆಯಲ್ಲಿ ಚಿತ್ರ ನಿಂತಾಗ ಗಾಬರಿಬಿದ್ದು ಲ್ಯಾಪ್‌ಟಾಪ್ ಮುಟ್ಟದವರು.