ಗ್ಯಾಸಿನ ದುಡ್ಡು ತೆತ್ತ ಆಳು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಸಾಹಸ ಕಥೆಗಳ ನಿಷ್ಠಾವಂತ ಸೇವಕರ ಬಗ್ಗೆ ಬಂದ ಬರಹ ಓದಿದೆ. ಖುಷಿಯಾಯಿತು, ಸ್ವಲ್ಪ ಕಿರಿಕಿರಿಯೂ ಆಯಿತು. ಲೇಖಕರು ಅವರನ್ನೆಲ್ಲ 'ನಾಯಕನ ನೆರಳು' ಎಂದಿದ್ದಾರೆ. ನೆರಳು ಎಲ್ಲಾದರೂ ಮೂಟೆ ಹೊರುತ್ತದೆಯೇ?

ಎಂಬತ್ತು ದಿನದಲ್ಲಿ ಪ್ರಪಂಚ ಸುತ್ತುವ ಜೂಲ್ಸ್ ವರ್ನ್‌ನ ಕಥೆಯನ್ನೇ ನೋಡಿ. 20,000 ಪೌಂಡ್ ಬಾಜಿ ಕಟ್ಟಿದ್ದು ಫಾಗ್ ಸಾಹೇಬರು. ಮೈ ಬಗ್ಗಿಸಿದ್ದು ಆಳು ಪಾಸ್‌ಪಾರ್ತೂ. ಬುಂದೇಲ್‌ಖಂಡದಲ್ಲಿ ಸತ್ತ ರಾಜನ ಜಾಗದಲ್ಲಿ ತಾನೇ ಚಿತೆ ಏರಿ, ಸತಿ ಹೋಗಬೇಕಿದ್ದ ಹೆಣ್ಣುಮಗಳನ್ನು ಎತ್ತಿಕೊಂಡು ಬಂದವನು ಅವನು. ಅಮೆರಿಕದಲ್ಲಿ ದಾಳಿಕೋರರು ಮುತ್ತಿದಾಗ ಓಡುವ ರೈಲಿನ ಡಬ್ಬಿಗಳ ಅಡಿ ತೂರಿ ಎಂಜಿನ್ ಬಿಡಿಸಿದವನು ಅವನು. (ಆಮೇಲೆ ಸೆರೆಸಿಕ್ಕ ಅವನನ್ನು ಬಿಡಿಸಲು ಯಜಮಾನರೇ ಹೋದರು. ಅದನ್ನು ಇಲ್ಲ ಅನ್ನಬಾರದು.) ಬಾಜಿ ಸೋತೆವು ಅಂತ ಕೂತಿದ್ದಾಗ, ಇವತ್ತು ಭಾನುವಾರ ಅಲ್ಲ, ಶನಿವಾರ ಅಂತ ಓಡಿ ಬಂದು ಹೇಳಿದವನೂ ಅವನೇ.

ಹೊರಡುವ ಗಡಿಬಿಡಿಯಲ್ಲಿ ಪಾಪ, ತನ್ನ ಕೋಣೆಯ ಗ್ಯಾಸ್ ದೀಪ ಆರಿಸುವುದನ್ನು ಮರೆತಿದ್ದ. ಖರ್ಚು ಕಳೆದು ಉಳಿದ 1,000 ಪೌಂಡನ್ನು ಕೊನೆಗೆ ಫಾಗ್ ಅವನಿಗೂ, ಬೆನ್ನು ಹತ್ತಿದ್ದ ಪತ್ತೇದಾರನಿಗೂ ಹಂಚುತ್ತಾರೆ. ಆಳಿನ ಪಾಲಿನಲ್ಲಿ 1,920 ಗಂಟೆ ಉರಿದ ಗ್ಯಾಸಿನ ದುಡ್ಡು ಮುರಿದುಕೊಂಡು! ತಮಾಷೆಗೆ ಬರೆದದ್ದು, ಗೊತ್ತು. ನಾನೂ ನಕ್ಕಿದ್ದೆ.

ನಮ್ಮಪ್ಪ ನಗಲಿಲ್ಲ. ಅವರು ಹೊಳಲ್ಕೆರೆ ಕಡೆಯ ಒಂದು ದೊಡ್ಡ ಮನೆಯಲ್ಲಿ ಸಂಬಳದಾಳು. ಉಗಾದಿಯಿಂದ ಉಗಾದಿಗೆ ಲೆಕ್ಕ. ವರ್ಷಕ್ಕಿಷ್ಟು ದುಡ್ಡು, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ. ಹಗ್ಗ ಕಳೆದರೂ, ಕುಡುಗೋಲು ಮುರಿದರೂ ಸಂಬಳದಲ್ಲಿ ಹಿಡಿಯುತ್ತಿದ್ದರು. 'ಬಲು ನಂಬಿಗಸ್ತ' ಅಂತ ಹೊಗಳಿಕೆಗೇನೂ ಕಮ್ಮಿ ಇರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಾನು ಈ ಕಥೆ ಹೇಳಿದರೆ ಅಪ್ಪ ಕೇಳಿದ್ದು ಒಂದೇ ಮಾತು: "ಬಾಜಿ ಗೆದ್ದೋನಿಗೆ ದೀಪದೆಣ್ಣೆ ಲೆಕ್ಕ ಯಾಕಪ್ಪ?"

ಈ ವಿಷಯದಲ್ಲಿ ಸ್ಪೇನಿನ 'ಡಾನ್ ಕ್ವಿಕ್ಸಾಟ್' ಕಾದಂಬರಿಯ ಆಳು ಸಾಂಚೋ ಪಾಂಜಾನೇ ವಾಸಿ. 1615ರಲ್ಲಿ ಬಂದ ಅದರ ಎರಡನೇ ಭಾಗದಲ್ಲಿ ತನ್ನ ಯಜಮಾನ ಡಾನ್ ಕ್ವಿಕ್ಸಾಟ್‌ನನ್ನು ಬಾಯಿಬಿಟ್ಟು ಸಂಬಳ ಕೇಳುತ್ತಾನೆ. ತಾನು ಓದಿದ ಯಾವ ವೀರರ ಕಥೆಯಲ್ಲೂ ಆಳಿಗೆ ಇಷ್ಟು ಅಂತ ಸಂಬಳ ಗೊತ್ತು ಮಾಡಿದ್ದಿಲ್ಲ ಅಂತ ಉತ್ತರ ಬರುತ್ತದೆ. ದ್ವೀಪದಲ್ಲಿ ಸಿಕ್ಕಿಕೊಂಡ ರಾಬಿನ್ಸನ್ ಕ್ರೂಸೋ ಅಂತೂ ತನ್ನ ಆಳು ಫ್ರೈಡೇಗೆ 'ಯಜಮಾನ' ಅನ್ನುವುದೇ ತನ್ನ ಹೆಸರು ಅಂತ ಕಲಿಸಿಬಿಟ್ಟ.

ನಮ್ಮ ದುರ್ಗದ ಕಥೆ ಬೇರೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರಿದಾಗ ಒನಕೆ ಎತ್ತಿದವಳು ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಹೋಗಿದ್ದಳು. 1779ರಲ್ಲಿ ಕೋಟೆಯೂ ಹೋಯಿತು, ಮದಕರಿ ನಾಯಕರೂ ಸೆರೆಯಾದರು. ಇವತ್ತಿಗೂ ಕೋಟೆಗೆ ಬಂದವರು ಓಬವ್ವನ ಕಿಂಡಿ ಎಲ್ಲಿ ಅಂತ ಕೇಳುತ್ತಾರೆ. ಅವಳನ್ನು ಯಾರೂ 'ನಾಯಕರ ನೆರಳು' ಅನ್ನುವುದಿಲ್ಲ, ಅಲ್ವಾ?

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕಥೆ ಬರೆಯುವ ಸ್ಪರ್ಧೆ ಇಡುತ್ತೀರಲ್ಲ, ಈ ಸಲ ಸಾಹಸದ ಕಥೆಯನ್ನು ಆಳಿನ ಬಾಯಲ್ಲಿ ಹೇಳಿಸಿ ಎನ್ನಿ. ಬಹುಮಾನದ ದುಡ್ಡಿನಲ್ಲಿ ಏನನ್ನೂ ಮುರಿದುಕೊಳ್ಳಬೇಡಿ.

– ನಿವೃತ್ತ ಮೇಷ್ಟ್ರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ