ಮನೆಗಿಂತ ಮೊದಲು ಬೀದಿ ಕೂಡಲಿ

ನಗರ ಬೆಳೆದಂತೆ ಅದರ ಅಂಚಿನ ಹೊಸ ಬಡಾವಣೆಗಳ ರಸ್ತೆಗಳು ಒಂದಕ್ಕೊಂದು ಕೂಡದೆ, ಗೋಡೆಗೋ ಗೇಟಿಗೋ ಬಂದು ಕೊನೆಯಾಗುತ್ತಿರುವುದು ಕಳವಳದ ಸಂಗತಿ. ಹಿತ್ತಿಲಿನಿಂದ ಕಾಣುವ ಶಾಲೆಗೆ ಮಗು ಮುಖ್ಯರಸ್ತೆಯನ್ನು ಬಳಸಿ ಎರಡು ಕಿ.ಮೀ. ಸುತ್ತಬೇಕಾದರೆ, ಹೆತ್ತವರು ವಾಹನ ತೆಗೆಯದೆ ಇನ್ನೇನು ಮಾಡಿಯಾರು? ಎಲ್ಲರ ವಾಹನಗಳೂ ಅದೇ ಒಂದು ರಸ್ತೆಗೆ ಇಳಿಯುತ್ತವೆ. ದಟ್ಟಣೆ ಹೆಚ್ಚಿತೆಂದು ಅದನ್ನು ಅಗಲಗೊಳಿಸುತ್ತೇವೆ. ಮೂಲ ತೊಡಕು ಹಾಗೆಯೇ ಉಳಿಯುತ್ತದೆ. ಬಸ್ ಕೂಡ ಒಳಹೊಕ್ಕು ಆಚೆ ಹೊರಡಲು ದಾರಿಯಿಲ್ಲದೆ ಬಡಾವಣೆಯ ಹೊರಗೇ ನಿಲ್ಲುತ್ತದೆ.

ಕಟ್ಟಡವನ್ನು ಕೆಡವಿ ಮತ್ತೆ ಕಟ್ಟಬಹುದು. ಬೀದಿಯ ಜಾಡು ಒಮ್ಮೆ ಬಿದ್ದರೆ ತಲೆಮಾರುಗಳವರೆಗೆ ಅಳಿಯದು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 1811ರ ಯೋಜನೆ ಎಳೆದ ಚೌಕುಳಿ ಬೀದಿಗಳಲ್ಲೇ ಜನ ಇಂದಿಗೂ ಓಡಾಡುತ್ತಿದ್ದಾರೆ. ಆಗ ಅಲ್ಲಿ ಬಹುಪಾಲು ಹೊಲ, ಗುಡ್ಡಗಳಿದ್ದವು. ಮನೆಗಳು ಏಳುವ ಮೊದಲೇ ಬೀದಿ ನಿರ್ಧಾರವಾಗಿತ್ತು ಎಂಬುದನ್ನು ನಮ್ಮ ಯೋಜಕರು ಗಮನಿಸಬೇಕು.

ಬಡಾವಣೆಗೆ ಅನುಮೋದನೆ ನೀಡುವಾಗ, ಪಕ್ಕದ ಜಮೀನಿನ ಗಡಿಯವರೆಗೂ ರಸ್ತೆಯನ್ನು ಒಯ್ದು ಮುಂದಿನ ಬಡಾವಣೆಗೆ ಜೋಡಿಸಲು ಬಿಡುವ ಷರತ್ತನ್ನು ಕಡ್ಡಾಯಗೊಳಿಸಲಿ. ಈಗಾಗಲೇ ಮುಚ್ಚಿಹೋಗಿರುವ ಕಡೆಗಳಲ್ಲಿ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಕನಿಷ್ಠ ಒಂದು ಓಣಿಯನ್ನಾದರೂ ತೆರೆಯಲಿ.

– ಓರ್ವ ಓದುಗ